ರಕ್ತಸಾಕ್ಷಿಯ ಕೊನೆಯ ಮಾತು

ದೊಡ್ಡಪ್ಪನ ದಿನ, ವರ್ಷಕ್ಕೊಮ್ಮೆ ಬರುವ ಅವರ ಸಾವಿನ ನೆನಪಿನ ದಿನ, ಹತ್ತಿರವಾದಂತೆಲ್ಲ ನನ್ನನ್ನು ಒಂದು ಸಣ್ಣ ಚಿಂತೆ ಕಾಡತೊಡಗುತ್ತದೆ. ಈ ವರ್ಷವೂ ನನಗೆ ಅಳು ಬಾರದೆ ಹೋದರೆ ಏನು ಮಾಡುವುದು? ಸಮಾಧಿಯ ಬಳಿ ಅವರ ಕಥೆ ಓದುವಾಗ ನಮ್ಮೂರು ತಿಗೂರದ ಹೆಂಗಸರೆಲ್ಲ ಅಳುತ್ತಾರೆ. ದೊಡ್ಡಪ್ಪನನ್ನು ಕಣ್ಣಿಂದಲೂ ಕಾಣದ, ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿಯರೂ ಅಳುತ್ತಾರೆ. ಅವರ ತಮ್ಮನ ಮಗಳಾದ, ಅವರದೇ ಮನೆಯಲ್ಲಿ ಬೆಳೆದ ನಾನು ಮಾತ್ರ ಮುಸುಕಿನ ಒಳಗೆ ಒಣಗಿದ ಕಣ್ಣು ಬಚ್ಚಿಟ್ಟುಕೊಂಡು ಕೂತಿರುತ್ತೇನೆ. ಹೋದ ವರ್ಷ ಬೆರಳಿಗೆ ಈರುಳ್ಳಿ ರಸ ಸವರಿಕೊಂಡು ಹೋಗಿದ್ದೆ. ಪಕ್ಕದಲ್ಲಿದ್ದ ಮುದುಕಿ ನನ್ನ ಬೆನ್ನು ಸವರಿ, ಪಾಪ, ಮಗಳ ಹಾಗೆ ಸಾಕಿದ್ದರಲ್ಲ, ಎಂದಳು. ಮನೆಗೆ ಬಂದು ಬರೆದಿಟ್ಟೆ: 'ಇವತ್ತು ಅತ್ತದ್ದು ಈರುಳ್ಳಿಯ ದಯೆಯಿಂದ.'

ಬರೆದಿಡುವುದು ನನ್ನ ಹಳೆಯ ಚಟ. ಚರ್ಮದ ಹಾಳೆ ನಮ್ಮ ಕ್ರೈಸ್ತ ಸಭೆಯ ಪುಸ್ತಕಗಳಿಗೇ ಸಾಲುವುದಿಲ್ಲ. ಹಾಗಾಗಿ ಗಾಣದ ಹಿತ್ತಲಲ್ಲಿ ರಾಶಿ ಬಿದ್ದ ಎಣ್ಣೆ ಗಡಿಗೆಯ ಚೂರುಗಳೇ ನನ್ನ ದಿನಚರಿ. ನಯವಾದ ಚೂರು ಸಿಕ್ಕಿದರೆ ಆ ದಿನದ ಮಾತು ಉದ್ದವಾಗುತ್ತದೆ, ಸಣ್ಣದು ಸಿಕ್ಕಿದರೆ ಎರಡೇ ಸಾಲು. ಮಂಚದ ಕೆಳಗೆ ಅಂಥ ಎರಡು ಬುಟ್ಟಿ ಇವೆ. ಅವು ಮಂತ್ರವೋ ಲೆಕ್ಕವೋ ಎಂದು ದೊಡ್ಡಮ್ಮ ಕೇಳಿಲ್ಲ, ಅವಳಿಗೆ ಓದು ಬಾರದು. ಬಂದಿದ್ದರೆ ಈ ಮನೆಯಲ್ಲಿ ನನಗೆ ಜಾಗವಿರುತ್ತಿರಲಿಲ್ಲ.

ನನಗೆ ಅಳು ಬಾರದಿರುವುದಕ್ಕೆ ಕಾರಣ ಕಲ್ಲು ಮನಸ್ಸಲ್ಲ. ಆ ಕಥೆ ಬರೆದವಳು ನಾನೇ. ಯಾವ ಮಾತಿಗೆ ಹೆಂಗಸರು ಎದೆ ಹಿಡಿದುಕೊಳ್ಳುತ್ತಾರೆ, ಯಾವ ಮಾತಿಗೆ ಗಂಡಸರು ಗಂಟಲು ಸರಿಮಾಡಿಕೊಳ್ಳುತ್ತಾರೆ ಎಂಬುದು ನನಗೆ ಮೊದಲೇ ಗೊತ್ತು. ಅಡಿಗೆಯವಳಿಗೆ ಹಸಿವು ಸತ್ತುಹೋಗುತ್ತದಲ್ಲ, ಹಾಗೆ.

ನನ್ನ ದೊಡ್ಡಪ್ಪ ಯಾದರ್ ಇಪ್ಪತ್ತೊಂದು ವರ್ಷ ಈ ಊರಿನ ಬಿಷಪ್ಪರಾಗಿದ್ದರು. ಆಲಿವ್ ಮರದ ತೋಟದಲ್ಲಿ ಹುಟ್ಟಿದವರು. ಲ್ಯಾಟಿನ್ನಿನಲ್ಲಿ ಪ್ರಸಂಗ ಶುರು ಮಾಡಿ, ಎರಡನೇ ಮಾತಿಗೆ ತಡವರಿಸಿ, ಮೂರನೇ ಮಾತಿಗೆ ನಮ್ಮ ಹಳೆಯ ಪ್ಯೂನಿಕ್ ಭಾಷೆಗೆ ಇಳಿದುಬಿಡುತ್ತಿದ್ದರು. ದೊಡ್ಡ ಜ್ವರ ಬಂದ ವರ್ಷ ಹೆಣ ತೊಳೆಯಲು ಮನೆಯವರೇ ಹೆದರಿದಾಗ ತೋಳು ಮಡಿಚಿ ನಿಂತವರು ಅವರು. ನಾನು ತಂದೆ ತಾಯಿ ಕಳೆದುಕೊಂಡದ್ದೂ ಅದೇ ಜ್ವರದಲ್ಲಿ. ನನ್ನನ್ನು ಮನೆಗೆ ತಂದರು, ಅಕ್ಷರ ಕಲಿಸಲು ಸಭೆಯ ಓದುಗ ಬಾರಿಕ್ ಮೇಷ್ಟ್ರಿಗೆ ಒಪ್ಪಿಸಿದರು. ಆಮೇಲೆ ಚೌಕದ ಹಿಂದಿನ ವ್ಯಾಕರಣದ ಗುರುವಿನ ಶಾಲೆಗೂ ಕಳಿಸಿದರು. ಹುಡುಗಿಗೆ ಇಷ್ಟೆಲ್ಲ ಯಾಕೆ ಸ್ವಾಮಿ ಎಂದು ಹಿರಿಯರು ಕೇಳಿದ್ದಕ್ಕೆ, 'ಇವಳ ಅಕ್ಷರ ನೋಡಿದೀರಾ, ಇರುವೆ ಸಾಲು ಕಟ್ಟಿದ ಹಾಗೆ' ಎಂದಿದ್ದರಂತೆ. ಆ ಶಾಲೆಯ ಓದು ಮುಗಿಸಿದ ಹೆಣ್ಣು ತಿಗೂರದಲ್ಲಿ ನಾನೊಬ್ಬಳೇ. ಹದಿನಾಲ್ಕಕ್ಕೆಲ್ಲ ನಾನು ಸಭೆಯ ಪವಿತ್ರ ಪುಸ್ತಕವಾದ ಸುವಾರ್ತೆಯ ಅರ್ಧ ಭಾಗವನ್ನು ಹೊಸದಾಗಿ ನಕಲು ಮಾಡಿ ಕೊಟ್ಟಿದ್ದೆ.

ಆ ಶಾಲೆಯಲ್ಲಿ ನಮಗೊಂದು ಅಭ್ಯಾಸ ಕೊಡುತ್ತಿದ್ದರು. ಯಾರೋ ಒಬ್ಬರ ಕಷ್ಟದ ಗಳಿಗೆಯನ್ನು ಹೇಳಿ, ಆ ಗಳಿಗೆಯಲ್ಲಿ ಅವರು ಏನು ಮಾತಾಡಿದ್ದಾರು, ಬರೆಯಿರಿ ಎನ್ನುತ್ತಿದ್ದರು. ಮಗನನ್ನು ಕಳೆದುಕೊಂಡ ರಾಣಿ, ಹಡಗು ಒಡೆದ ನಾವಿಕ. ಬಾಯಿಬಿಟ್ಟು ನಾಲ್ಕು ಮಾತಾಡಲು ಹೆದರುತ್ತಿದ್ದ ನನಗೆ ಬೇರೆಯವರ ಬಾಯಲ್ಲಿ ಮಾತಾಡುವುದು ಎಷ್ಟು ಸುಲಭವಾಗಿತ್ತೆಂದರೆ, ಗುರುಗಳು ನನ್ನ ಹಲಗೆಯನ್ನು ಗಂಡುಹುಡುಗರಿಗೆ ಓದಿ ತೋರಿಸುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ, ನನಗೆ ಹದಿನೈದಾಗಿದ್ದಾಗ, ಚಕ್ರವರ್ತಿಯ ಆಜ್ಞೆ ಬಂತು. ಕ್ರೈಸ್ತರ ಪುಸ್ತಕಗಳನ್ನೆಲ್ಲ ಚೌಕದಲ್ಲಿ ಸುಡಬೇಕು. ನಮ್ಮ ಸಭೆಗಿದ್ದ ದೊಡ್ಡ ಪುಸ್ತಕ ಅದೊಂದೇ ಸುವಾರ್ತೆ. ದೊಡ್ಡಪ್ಪನಿಗೆ ಒಂದು ಉಪಾಯ ಹೊಳೆಯಿತು. ಬಾರಿಕ್ ಮೇಷ್ಟ್ರ ಅಪ್ಪ ಹೇಸರಗತ್ತೆಗಳ ವೈದ್ಯ. ಅವನು ಬಿಟ್ಟುಹೋದ ಒಂದು ದಪ್ಪ ಪುಸ್ತಕ ಮೇಷ್ಟ್ರ ಮನೆಯಲ್ಲಿತ್ತು, ಗೊರಸು ಹುಣ್ಣಿಗೆ ಏನು ಹಚ್ಚಬೇಕು, ಹೊಟ್ಟೆ ಉಬ್ಬರಕ್ಕೆ ಏನು ಕುಡಿಸಬೇಕು ಎಂದೆಲ್ಲ. ಸಿಪಾಯಿಗಳಿಗೆ ಓದು ಬಾರದು. ಅದನ್ನೇ ಕೊಟ್ಟುಬಿಡು, ಸುವಾರ್ತೆ ನನ್ನ ಹತ್ತಿರ ಇರಲಿ ಎಂದರು ದೊಡ್ಡಪ್ಪ. ಮೇಷ್ಟ್ರು ಒಪ್ಪಿದರು. ಊರೆಲ್ಲ ನೋಡುತ್ತಿರುವಾಗ ತಮ್ಮ ಅಪ್ಪನ ಪುಸ್ತಕವನ್ನು ಎರಡೂ ಕೈಯಿಂದ ಕೊಟ್ಟರು. ಅದು ಸುಟ್ಟಿತು. ಸಭೆಯವರ ಕಣ್ಣಿಗೆ ಕಂಡದ್ದು ಇಷ್ಟೇ: ಓದುಗ ಪುಸ್ತಕ ಕೊಟ್ಟ. ಗುಟ್ಟು ಹೊರಬಿದ್ದರೆ ಸಿಪಾಯಿಗಳು ಮತ್ತೆ ಬರುತ್ತಾರೆ, ಅದಕ್ಕೆ ಯಾರಿಗೂ ಹೇಳುವಂತಿರಲಿಲ್ಲ. ಸ್ವಲ್ಪ ದಿನ ತಡ್ಕೊ ಬಾರಿಕ್ ಎಂದು ದೊಡ್ಡಪ್ಪ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಎಂಟು ದಿನ ಕಳೆಯಿತು. ಊರೆಲ್ಲ ಮಲಗುವ ನಡುಮಧ್ಯಾಹ್ನ ನಗರದ ಗುಮಾಸ್ತ ಒಬ್ಬನೇ ನಮ್ಮ ಹಿತ್ತಲಿಗೆ ಬಂದ. ಅವನಿಗೆ ಓದು ಬರುತ್ತಿತ್ತು. ಸುಟ್ಟು ಉಳಿದ ಒಂದು ಹಾಳೆಯ ತುಂಡನ್ನು ಹಿಡಿದುಕೊಂಡು, 'ನಿಮ್ಮ ದೇವರು ಕತ್ತೆಗೆ ಜುಲಾಬು ಕೊಡ್ತಾನಾ ಸ್ವಾಮಿ' ಎಂದು ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, ನನ್ನ ಬೆರಳಿನ ಮಸಿ ನೋಡಿದ. ನಿಮ್ಮ ಪುಸ್ತಕ ಬರೆಯುವವಳು ಇವಳೇ ಅಂತೆ, ಪುಸ್ತಕ ಇಲ್ಲದಿದ್ದರೆ ಬರೆಯುವ ಕೈಯನ್ನೇ ಕರೆದುಕೊಂಡು ಹೋಗುತ್ತೇವೆ, ಸಿಪಾಯಿಗಳ ಬಿಡಾರದಲ್ಲಿ ಹೆಣ್ಣಿಗೆ ಬೇರೆ ಕೆಲಸವೂ ಇರುತ್ತದೆ ಎಂದ. ದೊಡ್ಡಪ್ಪ ಕಡಲೆಯ ಗುಡಾಣದೊಳಗೆ ಕೈಹಾಕಿ ಸುವಾರ್ತೆಯನ್ನು ತೆಗೆದು ಅವನ ಕೈಗಿಟ್ಟರು. ಎರಡು ಕಡಲೆಕಾಳು ಅದರ ರಟ್ಟಿಗೆ ಅಂಟಿಕೊಂಡಿದ್ದವು. ದೊಡ್ಡಮ್ಮ ಅಕ್ಕನ ಮನೆಗೆ ಹೋಗಿದ್ದಳು. ನೋಡಿದವಳು ನಾನೊಬ್ಬಳು.

ಮುಂದಿನ ತಿಂಗಳು ಎರಡನೇ ಆಜ್ಞೆ ಬಂತು. ಬಿಷಪ್ಪರು ಚಕ್ರವರ್ತಿಯ ದೇವರಿಗೆ ಧೂಪ ಹಾಕಬೇಕು. ಪುಸ್ತಕ ಕೊಟ್ಟ ಅದೇ ಮನುಷ್ಯ ಈ ಸಲ ಬಗ್ಗಲಿಲ್ಲ. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಬಗ್ಗಲಿಲ್ಲ. ಚಾವಟಿಯಲ್ಲಿ ಹೊಡೆದರು, ಸೆರೆಮನೆಯ ತಳದ ಕೋಣೆಗೆ ಹಾಕಿದರು. ಅಲ್ಲಿ ಜ್ವರ ಹಿಡಿಯಿತು. ಹನ್ನೊಂದನೆಯ ದಿನ ನಾನು ಗೋಧಿ ಗಂಜಿ ತೆಗೆದುಕೊಂಡು ಹೋದಾಗ ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದರು, 'ಮಗಾ, ಬಾರಿಕ್ ಕೊಟ್ಟಿದ್ದು ಕತ್ತೆ ಪುಸ್ತಕ. ಪುಸ್ತಕ ಕೊಟ್ಟವನು ನಾನು. ಸಭೆಯವರಿಗೆ ಹೇಳು. ನಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ, ನೀನು ಹೇಳು.' ಆಮೇಲೆ ಎರಡು ಚಮಚ ಗಂಜಿ ಕುಡಿದು, ಉಪ್ಪು ಕಡಿಮೆ ಎಂದರು. ಅದೇ ಕೊನೆ. ಸಂಜೆಯ ಹೊತ್ತಿಗೆ ಸುದ್ದಿ ಬಂತು.

ನಾನು ಹೇಳಬೇಕಾಗಿತ್ತು. ಮನೆಯ ಅಂಗಳ ತುಂಬ ಹೆಂಗಸರಿದ್ದರು. ಏನಂದರು, ಕೊನೆಗೆ ಏನಂದರು ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ದೊಡ್ಡಮ್ಮ ನನ್ನ ಮುಖ ನೋಡುತ್ತಿದ್ದಳು, ಬಾಯಿ ತೆರೆದ ಭಿಕ್ಷಾಪಾತ್ರೆಯ ಹಾಗೆ ಇತ್ತು ಆ ನೋಟ. 'ಧೈರ್ಯವಾಗಿ ಹೋದರು' ಎಂದೆ. ಅದು ಸುಳ್ಳೇನೂ ಅಲ್ಲ ಎಂದು ಅವತ್ತಿನ ಚೂರಿನ ಮೇಲೆ ಬರೆದುಕೊಂಡಿದ್ದೇನೆ. ವಾರ ಕಳೆದ ಮೇಲೆ ಹಿರಿಯರು ಬಂದು, ನೀನು ಓದಿದವಳು, ಕೊನೆಯಲ್ಲಿ ಹತ್ತಿರ ಇದ್ದವಳು, ನಂಬಿಕೆಗಾಗಿ ಪ್ರಾಣ ಕೊಟ್ಟ ಅವರ ರಕ್ತಸಾಕ್ಷಿಯ ಕಥೆಯನ್ನು ನೀನೇ ಬರೆದುಕೊಡು ಎಂದರು. ಎರಡು ದಿನದಲ್ಲಿ ಬರೆದೆ. ಶಾಲೆಯ ಅಭ್ಯಾಸ ನೆನಪಾಯಿತು: ಸೆರೆಮನೆಯಲ್ಲಿರುವ ಬಿಷಪ್ಪರು ಈ ಗಳಿಗೆಯಲ್ಲಿ ಏನು ಹೇಳಿದ್ದಾರು? ಬರೆದೆ: 'ದೇವರ ಮಾತನ್ನು ಬೆಂಕಿಗೆ ಒಪ್ಪಿಸಿದ ಕೈ ನನ್ನ ಸಮಾಧಿಯ ರೊಟ್ಟಿಯನ್ನು ಮುಟ್ಟದಿರಲಿ, ಅವನ ಎಲುಬು ನನ್ನ ಎಲುಬಿನ ಪಕ್ಕದಲ್ಲಿ ಮಣ್ಣಾಗದಿರಲಿ.'

ವಾಕ್ಯದ ಎರಡು ಕಡೆ ಸಮತೂಕವಾಗಿ ಕೂತದ್ದು ನೋಡಿ ಆ ದಿನ ನನಗೆ ಸಂತೋಷವಾಗಿತ್ತು. ಇದನ್ನು ನಾನು ಇಲ್ಲಿಯವರೆಗೆ ಯಾವ ಚೂರಿನ ಮೇಲೂ ಬರೆದಿಲ್ಲ. ಇನ್ನೊಂದನ್ನೂ ಬರೆದಿಲ್ಲ. ಬರಿಯ ಸೊಗಸಿಗಾಗಿ ಆ ಮಾತು ಬರೆದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಅದಲ್ಲ. ಸುವಾರ್ತೆ ನಮ್ಮ ಮನೆಯಲ್ಲೂ ಇಲ್ಲ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಹಾಗಾದರೆ ಚೌಕದಲ್ಲಿ ಸುಟ್ಟದ್ದು ಸುವಾರ್ತೆಯೇ ಎಂದು ಜನ ಆಡಿಕೊಳ್ಳುತ್ತಿದ್ದರು. ಮೇಷ್ಟ್ರು, 'ನಾನು ಕೊಟ್ಟದ್ದು ನಮ್ಮಪ್ಪನ ಪುಸ್ತಕ, ಸುವಾರ್ತೆ ಬಿಷಪ್ಪರ ಮನೆಯಲ್ಲಿತ್ತು' ಎಂದು ಕೂಗಿ ಹೇಳಿದ್ದಕ್ಕೆ, ಸತ್ತ ಸಂತನ ಮೇಲೆ ಗೂಬೆ ಕೂರಿಸುತ್ತೀಯಾ ಎಂದು ಅವರ ಮುಖಕ್ಕೆ ಉಗಿದು ಹೊರಹಾಕಿದ್ದರು. ಜನರ ಕಣ್ಣು ನಮ್ಮ ಮನೆಯ ಕಡೆ ತಿರುಗದಿರಲಿ ಎಂದೇ ನಾನು ಆ ಮಾತನ್ನು ದೊಡ್ಡಪ್ಪನ ಬಾಯಿಗೆ ಹಾಕಿದೆ.

ಅದು ಅಲ್ಲೇ ನಿಂತಿತು. ಹಿಂಸೆಯ ಆಜ್ಞೆಗಳು ತಣ್ಣಗಾದ ಮೇಲೆ ಸಮಾಧಿಯ ಕಲ್ಲುಮೇಜಿನ ಮೇಲೆ ಬಣ್ಣದ ಹರಳುಗಳಲ್ಲಿ ಆ ಮಾತನ್ನು ಕೂರಿಸಿದರು. ದೊಡ್ಡಪ್ಪನ ಹೆಸರು ಬೆಳೆಯಿತು. ಅಕ್ಕಪಕ್ಕದ ಮೂರು ಊರಿನವರು ಬರುತ್ತಾರೆ. ಅವರ ದೀಪದ ಎಣ್ಣೆ ಜ್ವರಕ್ಕೂ ಆಗುತ್ತದೆ, ಬಂಜೆತನಕ್ಕೂ ಆಗುತ್ತದೆ. ಹುಟ್ಟಿದ ಗಂಡುಮಕ್ಕಳಲ್ಲಿ ಅರ್ಧ ಜನ ಯಾದರ್‌ಗಳು. ಬೀದಿಯಲ್ಲಿ ನಿಂತು ಒಂದು ಸಲ ಕೂಗಿದರೆ ಆರು ಜನ ಓಡಿ ಬರುತ್ತಾರೆ. ಬಾರಿಕ್ ಮೇಷ್ಟ್ರು ಪಶ್ಚಿಮ ಬಾಗಿಲಿನ ಆಚೆ ಸುಣ್ಣದ ಗೂಡಿನಲ್ಲಿ ಕಲ್ಲು ಹೊರುವ ಕೆಲಸಕ್ಕೆ ಸೇರಿದರು. ಸಭೆಯಲ್ಲಿ ಅವರಿಗೆ ಪೂಜೆಯ ರೊಟ್ಟಿಯಿಲ್ಲ, ಪ್ರಾರ್ಥನೆಯಲ್ಲಿ ಒಬ್ಬರಿಗೊಬ್ಬರು ಕೊಡುವ ಶಾಂತಿಯ ಮುತ್ತಿಲ್ಲ. ವರ್ಷಕ್ಕೊಮ್ಮೆ ದೊಡ್ಡಪ್ಪನ ದಿನ ಸ್ಮಶಾನದ ಗೋಡೆಯ ಆಚೆ ನಿಂತು ಕಥೆ ಕೇಳಿ ಹೋಗುತ್ತಾರೆ. ಗೋಡೆಯ ಮೇಲೆ ಅವರ ಬೋಳು ತಲೆ ಮಾತ್ರ ಕಾಣುತ್ತದೆ. ಹೋದ ವರ್ಷ ಯಾರೋ, ನೋಡು, ಗುರುವನ್ನೇ ಮಾರಿದ ಯೂದ ಹಾಜರು, ಎಂದು ನಕ್ಕಿದ್ದರು.

ಈ ವರ್ಷ ದೊಡ್ಡಪ್ಪನ ದಿನಕ್ಕೆ ನಾಲ್ಕು ದಿನವಿರುವಾಗ ಮೇಷ್ಟ್ರ ಮಗಳು ಸಿಲ್ವಾನ ನಮ್ಮ ಬಾಗಿಲಿಗೆ ಬಂದಳು. ಹೊಸ್ತಿಲು ದಾಟಲಿಲ್ಲ. ಅಪ್ಪನಿಗೆ ಎದೆಯೊಳಗೆ ಸುಣ್ಣ ಕೂತಿದೆ, ಇನ್ನು ಎರಡು ಮೂರು ದಿನ, ಅವರಿಗೆ ರೊಟ್ಟಿಯೂ ಬೇಡ, ಮರ್ಯಾದೆಯೂ ಬೇಡ, ಸತ್ತ ಮೇಲೆ ಗೋಡೆಯ ಒಳಗೆ ಮಣ್ಣು ಸಿಕ್ಕರೆ ಸಾಕು ಎನ್ನುತ್ತಾರೆ, ಈಗಿನ ಬಿಷಪ್ಪರಿಗೆ ನೀವೊಂದು ಮಾತು ಹೇಳಿ, ರಕ್ತಸಾಕ್ಷಿಯ ಹೆಂಡತಿ ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ ಎಂದು ದೊಡ್ಡಮ್ಮನ ಮುಂದೆ ನಿಂತಳು. ಗೋಡೆಯ ಆಚೆ ಹೂಳುವುದೆಂದರೆ ನೇಣು ಹಾಕಿದವರ ಗುಂಡಿ. ನಾಯಿಗಳು ಅಲ್ಲಿಂದ ಏನೇನು ಎಳೆದು ತರುತ್ತವೆ ಎಂದು ಊರಿಗೇ ಗೊತ್ತು.

ದೊಡ್ಡಮ್ಮ ಹಬ್ಬದ ಜೇನು ಕಜ್ಜಾಯಕ್ಕೆ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲಿಲ್ಲ. 'ನಿಮ್ಮಪ್ಪನ್ನ ಪಕ್ಕದಲ್ಲಿ ಮಲಗಿಸಿದ್ರೆ ನನ್ನ ಗಂಡ ಎದ್ದು ಆ ಕಡೆ ಹೋಗ್ತಾರೆ ಕಣೇ ತಾಯಿ. ಹೋಗು, ಹೊತ್ತಾಯ್ತು' ಎಂದಳು. ಸಿಲ್ವಾನ ನನ್ನ ಕಡೆ ನೋಡಿದಳು. ನಾನು ಕೈಯಲ್ಲಿದ್ದ ಲೇಖನಿಯನ್ನು ನೋಡಿದೆ.

ಮರುದಿನ ಹಿರಿಯರ ಸಭೆಯಲ್ಲಿ ಮಾತು ಬಂತು. ಅಲ್ಲಿ ಆಡಿದ್ದನ್ನು ಬರೆದಿಡುವುದು ನನ್ನ ಕೆಲಸ, ಅದಕ್ಕೆ ಮೂಲೆಯಲ್ಲಿ ನನಗೊಂದು ಮಣೆ. ಈಗಿನ ಬಿಷಪ್ ಕ್ವಾದ್ರಾತರು ಕೆಟ್ಟವರಲ್ಲ. ಮುದುಕ ಹನ್ನೆರಡು ವರ್ಷ ಗೋಡೆಯಾಚೆ ನಿಂತದ್ದೇ ಸಾಕಷ್ಟು ಪ್ರಾಯಶ್ಚಿತ್ತ ಎಂದು ಅವರಿಗೂ ಅನಿಸಿತ್ತು. ಗಡ್ಡ ತುರಿಸಿಕೊಂಡು ಹೇಳಿದರು, 'ಆ ಒಂದು ಮಾತು ಇಲ್ದೆ ಇದ್ದಿದ್ರೆ ಹೆಣಕ್ಕೆ ನಾನೇ ಹೆಗಲು ಕೊಡ್ತಿದ್ದೆ. ಆದ್ರೆ ಸಾಯುವಾಗ ಯಾದರ್ ಬಾಯಾರೆ ಹೇಳಿಹೋದ ಮಾತು. ಅದನ್ನ ಮೀರೋಕೆ ನಾನ್ಯಾರು?' ಹಿರಿಯರು ತಲೆಯಾಡಿಸಿದರು.

ನಾನು ಅವರಿಂದ ಐದು ಹೆಜ್ಜೆ ದೂರದಲ್ಲಿದ್ದೆ. ಬಿಷಪ್ಪರ ಮಾತನ್ನು ಹಾಳೆಯ ಮೇಲೆ ಬರೆದುಕೊಂಡೆ, ಇರುವೆ ಸಾಲು ಕಟ್ಟಿದ ಹಾಗೆ.

ಮನೆಗೆ ಬಂದ ಮೇಲೆ ಅನ್ನಿಸಿತು, ಹೇಳಿದರೆ ನನಗೆ ಉಳಿಯುವುದೇನು? ದೊಡ್ಡಮ್ಮ ಮನೆಯಿಂದ ಅಟ್ಟುತ್ತಾಳೆ. ನನ್ನನ್ನು ಉಳಿಸಲು ಪುಸ್ತಕ ಕೊಟ್ಟವರನ್ನು ನಾನೇ ಊರ ಮುಂದೆ ಬೆತ್ತಲೆ ಮಾಡಿದ ಹಾಗಾಗುತ್ತದೆ. ಸಮಾಧಿಯ ದೀಪಕ್ಕೆ ಎಣ್ಣೆ ತರುವವರು ಎಲ್ಲಿಗೆ ಹೋಗುತ್ತಾರೆ? ಹೀಗೆ ಒಳ್ಳೊಳ್ಳೆಯ ಕಾರಣಗಳು ಒಂದರ ಹಿಂದೆ ಒಂದು ಬಂದವು. ಎಲ್ಲವೂ ಬೇರೆಯವರ ಹೆಸರು ಹಿಡಿದೇ ಬಂದವು. ಕೊನೆಗೆ ಒಂದು ಬುಟ್ಟಿ ಒಣ ಅಂಜೂರ ತೆಗೆದುಕೊಂಡು ಪಶ್ಚಿಮ ಬಾಗಿಲು ದಾಟಿದೆ.

ಸುಣ್ಣದ ಗೂಡಿನ ಪಕ್ಕ ಒಂದೇ ಕೋಣೆಯ ಮನೆ. ಗೋಡೆ, ನೆಲ, ನೀರಿನ ಗಡಿಗೆ ಎಲ್ಲದರ ಮೇಲೂ ಬಿಳಿ ಹುಡಿ. ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು, ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ಸಿಲ್ವಾನ ನನ್ನನ್ನು ಒಳಗೆ ಬಿಟ್ಟು ತಾನು ಹೊರಗೆ ಹೋದಳು.

'ಯಾರು, ಯಾದರನ ಮನೆ ಹುಡುಗೀನಾ? ಕೂತ್ಕೊ. ಹನ್ನೆರಡು ವರ್ಷ ನಡೆದು ಬಂದಿದೀಯ, ಕಾಲು ನೊಂದಿರತ್ತೆ.'

'ಅಂಜೂರ ತಂದಿದೀನಿ ಮೇಷ್ಟ್ರೇ' ಎಂದೆ.

'ಹಲ್ಲಿದ್ದಾಗ ತರಬೇಕಿತ್ತು.'

ಅವರಿಗೆ ಹೇಳಿಬಿಡಬೇಕೆಂದು ಬಂದಿದ್ದೆ. ಬರುವ ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡೂ ಇದ್ದೆ. ಆದರೆ ಅವರೇ ಮೊದಲು ಆ ಕಲ್ಲಿನ ಮೇಲಿನ ಮಾತನ್ನು ಎತ್ತಿದರು. ಮೊದಲನೆಯ ವರ್ಷವೇ ಗೋಡೆಯಾಚೆ ನಿಂತು ಕೇಳಿದಾಗ ತಮಗೆ ಗೊತ್ತಾಯಿತು ಎಂದರು.

'ಯಾದರ ಎರಡು ಮಾತು ಜೋಡಿಸೋ ಅಷ್ಟರಲ್ಲಿ ಮೂರು ಸಲ ಕೆಮ್ಮೋನು. ಈ ಕಡೆ ಕೈ, ಆ ಕಡೆ ಎಲುಬು, ತಕ್ಕಡಿಗೆ ಹಾಕಿದ ಹಾಗೆ ಮಾತಾಡೋದು ಅವನಿಗೆ ಎಲ್ಲಿಂದ ಬರಬೇಕು? ನಿನ್ನ ಹಲಗೆ ನಾನು ನೋಡಿಲ್ವೇನಮ್ಮ? ಮೊದಲನೇ ಅಕ್ಷರ ಕೈ ಹಿಡಿದು ತಿದ್ದಿಸಿದೋನು ನಾನು.' ಸ್ವಲ್ಪ ಹೊತ್ತು ಕೆಮ್ಮಿದರು. 'ಚೆನ್ನಾಗಿ ಬರೆದಿದೀಯ. ಅದೇ ಆಗಿದ್ದು ಕಷ್ಟ. ಕೆಟ್ಟದಾಗಿ ಬರೆದಿದ್ರೆ ಇಷ್ಟೊತ್ತಿಗೆ ಜನ ಮರೆತಿರೋರು.'

ಆಗ ಎಲ್ಲವನ್ನೂ ಹೇಳಿದೆ. ಗುಮಾಸ್ತ ಬಂದದ್ದು, ಕಡಲೆಯ ಗುಡಾಣ, ಸೆರೆಮನೆಯಲ್ಲಿ ದೊಡ್ಡಪ್ಪ ನನ್ನ ಮಣಿಕಟ್ಟು ಹಿಡಿದು ಹೇಳಿದ್ದು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಪುಸ್ತಕ ಯಾದರನೇ ಕೊಟ್ಟಿರಬೇಕೆಂದು ಅವರು ಊಹಿಸಿದ್ದರಂತೆ. ಯಾಕೆ ಎಂದು ಮಾತ್ರ ಗೊತ್ತಿರಲಿಲ್ಲ. ನಿನಗಾಗಿಯೋ, ಸರಿ ಬಿಡು, ಯಾರಾದರೂ ಕೊಡುತ್ತಿದ್ದರು, ನಾನೂ ಕೊಡುತ್ತಿದ್ದೆ ಎಂದರು. ಆದರೆ ಸಾಯುವ ಮೊದಲು ಯಾದರ ಹಾಗೆ ಹೇಳಿದ್ದ ಎಂಬುದು ಅವರಿಗೆ ಹೊಸದು. ಹೇಳಿದ್ದನಾ, ಎಂದು ತಮಗೆ ತಾವೇ ಎಂಬಂತೆ ಎರಡು ಸಲ ಕೇಳಿದರು. ಹನ್ನೆರಡು ವರ್ಷ ಅವರು ಗೆಳೆಯನೊಬ್ಬನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ನನ್ನ ಕಡೆಗೆ ತಿರುಗಿದ್ದು ನನಗೆ ಕಾಣಿಸಿತು.

'ಎಲ್ಲರ ಮುಂದೆ ಹೇಳ್ತೀನಿ ಮೇಷ್ಟ್ರೇ. ಈ ಸಲ ಹೇಳ್ತೀನಿ.'

'ನಂಗೆ ಹಾಗಂತ ಹೇಳ್ಬೇಡ. ನೀನು ಹೇಳ್ತೀಯೋ ಇಲ್ವೋ ಅಂತ ಕಾಯ್ಕೊಂಡು ಸಾಯೋಕೆ ನಂಗಿಷ್ಟ ಇಲ್ಲ.'

ನನ್ನನ್ನು ಕ್ಷಮಿಸಿ ಎಂದೆ. ಅವರು ಅಂಜೂರದ ಬುಟ್ಟಿಯನ್ನು ನನ್ನ ಕಡೆ ಸರಿಸಿದರು. 'ಅದು ನನ್ನ ಹತ್ರ ಇಲ್ಲ ಕಣಮ್ಮ. ಇದ್ದಿದ್ರೆ ಕೊಟ್ಟಿರ್ತಿದ್ದೆ, ಇನ್ನು ಯಾಕೆ ಇಟ್ಕೊಳ್ಳಲಿ.' ಆಮೇಲೆ ಅವರು ಅಪ್ಪನ ಪುಸ್ತಕದ ಬಗ್ಗೆ ಮಾತಾಡಿದರು. ಯಾರದಾದರೂ ಹೇಸರಗತ್ತೆ ಕುಂಟುತ್ತ ಗೂಡಿಗೆ ಬಂದರೆ ಯಾವ ಪುಟದಲ್ಲಿ ಯಾವ ಸೊಪ್ಪು ಎಂದು ಈಗಲೂ ನೆನಪಾಗುತ್ತದಂತೆ. ಹೇಳಿದರೆ ಯಾರೂ ಹಚ್ಚುವುದಿಲ್ಲವಂತೆ, ಪುಸ್ತಕ ಮಾರಿದವನ ಮದ್ದು ಎಂದು. ಕತ್ತೆಗೂ ನನ್ನ ಪಾಪ ತಟ್ಟಿತು ನೋಡು, ಎಂದು ನಕ್ಕರು. ನಕ್ಕಿದ್ದೇ ಕೆಮ್ಮಾಯಿತು, ಸಿಲ್ವಾನ ಓಡಿ ಬಂದಳು, ನಾನು ಎದ್ದೆ.

ಅವರು ದೊಡ್ಡಪ್ಪನ ದಿನದ ಹಿಂದಿನ ಸಂಜೆ ತೀರಿಕೊಂಡರು.

ಬೆಳಿಗ್ಗೆ ದೊಡ್ಡಮ್ಮನ ಹಿಂದೆ ಕಜ್ಜಾಯದ ಬುಟ್ಟಿ ಹೊತ್ತು ಸ್ಮಶಾನಕ್ಕೆ ಹೋದೆ. ಆ ದಿನ ಈರುಳ್ಳಿಯ ನೆನಪೂ ಆಗಲಿಲ್ಲ. ಗೋಡೆಯ ಬಾಗಿಲ ಹೊರಗೆ ಸಿಲ್ವಾನ ನಿಂತಿದ್ದಳು. ಅವಳ ಕಾಲ ಬಳಿ ಚಟ್ಟ. ಹೊರಲು ಬಂದಿದ್ದ ಸುಣ್ಣದ ಗೂಡಿನ ಇಬ್ಬರು ಕೂಲಿಯವರು, ಅವರು ನಮ್ಮ ಸಭೆಯವರೂ ಅಲ್ಲ, ನೆರಳಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಹೋಗುವವರೆಲ್ಲ ಬಟ್ಟೆ ತಾಗದಂತೆ ಒತ್ತಿಕೊಂಡು ದಾಟಿದರು. ಒಬ್ಬ, ಹಬ್ಬದ ದಿನವೇ ಸಾಯಬೇಕಿತ್ತಾ, ಕೊನೆಗೂ ಯಾದರರ ಊಟ ಕೆಡಿಸಿದ, ಎಂದ. ಸಿಲ್ವಾನ, ಓದು ಮುಗಿಯುವವರೆಗೆ ಇಲ್ಲಿ ಇರುತ್ತೇವೆ, ಪ್ರತಿ ವರ್ಷ ಅಪ್ಪ ಇರುತ್ತಿದ್ದ ಹಾಗೆ, ಆಮೇಲೆ ಗುಂಡಿಗೆ ಒಯ್ಯುತ್ತೇವೆ ಎಂದು ಬಿಷಪ್ಪರಿಗೆ ಹೇಳಿದ್ದಳಂತೆ. ಬಿಷಪ್ಪರು ಅವಳ ಮುಖ ನೋಡದೆ ಆಗಲಿ ಎಂದಿದ್ದರಂತೆ.

ಕಲ್ಲುಮೇಜಿನ ಸುತ್ತ ಚಾಪೆ ಹಾಸಿದ್ದರು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಎಲ್ಲರಿಗಿಂತ ಮುಂದೆ ದೊಡ್ಡಮ್ಮ, ಅವಳ ಪಕ್ಕ ನಾನು. ರೊಟ್ಟಿ, ಬೇಯಿಸಿದ ಕಡಲೆ, ಆಲಿವ್ ಕಾಯಿ, ಮೀನಿನ ಗೊಜ್ಜು ಸಾಲಾಗಿ ಇಟ್ಟಿದ್ದರು. ಬಿಷಪ್ಪರು ಪ್ರಾರ್ಥಿಸಿ, ಮೇಜಿನ ನಡುವಿನ ತೂತಿನೊಳಗೆ ದ್ರಾಕ್ಷಾರಸ ಸುರಿದರು. ಅದು ಕೆಳಗೆ ದೊಡ್ಡಪ್ಪನಿಗೆ ಇಳಿಯುವ ಸದ್ದು ಕೇಳಿಸಿತು. ಮೊದಲ ಗುಟುಕು ಯಾವಾಗಲೂ ಅವರದು.

ಹೊಸ ಓದುಗ ಕಥೆ ಶುರು ಮಾಡಿದ. ದನಿ ಚೆನ್ನಾಗಿದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಾನೆ. ಚಾವಟಿಯ ಹತ್ತಿರ ಬಂದಾಗ ಹಿಂದಿನ ಸಾಲಿನಲ್ಲಿ ಮೊದಲ ಬಿಕ್ಕು ಕೇಳಿತು. ಸೆರೆಮನೆಯ ಹತ್ತಿರ ಬಂದಾಗ ದೊಡ್ಡಮ್ಮ ಮುಸುಕನ್ನು ಮುಖದ ಮೇಲೆ ಎಳೆದುಕೊಂಡಳು. ನಾನು ಬಾಗಿಲ ಕಡೆ ನೋಡುತ್ತಿದ್ದೆ. ಚಟ್ಟದ ತುದಿ 'ಒಳಗೆ' ಎನ್ನುವಷ್ಟು ಹತ್ತಿರವಿತ್ತು, ಎರಡು ಮೊಳ ಅಷ್ಟೇ. ಮೇಷ್ಟ್ರ ಪಾದಗಳ ಮೇಲಿನ ಸುಣ್ಣವನ್ನು ಮಗಳು ಎಷ್ಟು ತೊಳೆದರೂ ಹೋಗಿರಲಿಲ್ಲ.

ಆ ಮಾತು ಬಂತು. ಅದು ಬಂದಾಗ ಓದುಗ ತಾನು ಸುಮ್ಮನಾಗುತ್ತಾನೆ, ಸಭೆಯೇ ಅದನ್ನು ಹೇಳುತ್ತದೆ. ಎಲ್ಲರಿಗೂ ಬಾಯಿಪಾಠ. ದೇವರ ಮಾತನ್ನು ಬೆಂಕಿಗೆ ಒಪ್ಪಿಸಿದ ಕೈ ಎಂದು ನೂರಾರು ಬಾಯಿ ಒಟ್ಟಿಗೆ ಶುರು ಮಾಡಿದವು. ತಾಯಂದಿರ ಮಡಿಲಲ್ಲಿದ್ದ ಸಣ್ಣ ಸಣ್ಣ ಯಾದರ್‌ಗಳೂ ತೊದಲುತ್ತ ಹೇಳಿದವು. ಕೆಲವರು ಬಾಗಿಲ ಕಡೆ ತಿರುಗಿ ಹೇಳಿದರು. ಸಿಲ್ವಾನ ಬಗ್ಗಿ, ಹೊದಿಸಿದ ಬಟ್ಟೆಯ ಮೇಲಿನಿಂದ ಅಪ್ಪನ ಎರಡೂ ಕಿವಿಗಳ ಮೇಲೆ ಕೈಯಿಟ್ಟಳು.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು. ದೊಡ್ಡಮ್ಮ ಮುಸುಕಿನೊಳಗಿಂದಲೇ ನನ್ನ ಬಟ್ಟೆಯ ಅಂಚು ಹಿಡಿದು ಎಳೆದಳು, ಕೂತ್ಕೊಳೆ, ತಲೆ ಸುತ್ತುತ್ತಾ ಏನು, ಎಂದು ಪಿಸುಗುಟ್ಟಿದಳು. ಹೆಂಗಸರ ಸಾಲಿನಿಂದ ಯಾರೂ ಎದ್ದು ನಿಂತು ಮಾತಾಡಿದ್ದು ಆ ಗೋಡೆಯೊಳಗೆ ಯಾವತ್ತೂ ನಡೆದಿರಲಿಲ್ಲ. ದನಿಗಳು ಒಂದೊಂದಾಗಿ ನಿಂತವು. ಎಲುಬಿನ ಮಾತು ಅರ್ಧಕ್ಕೇ ಉಳಿಯಿತು. ಬಿಷಪ್ ಕ್ವಾದ್ರಾತರು ನನ್ನ ಕಡೆ ತಿರುಗಿ, ಏನಮ್ಮ ವೆಸ್ತಿಯ, ಎಂದು ಮೆಲ್ಲಗೆ ಕೇಳಿದರು.

ಬರೆದುಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ. ಚೆಂದ ಮಾಡಲು ಪುರಸೊತ್ತೂ ಇರಲಿಲ್ಲ.

'ಈ ಮಾತು ದೊಡ್ಡಪ್ಪ ಹೇಳಿದ್ದಲ್ಲ, ನಾನು ಕಟ್ಟಿದ್ದು. ಅವರು ಹೇಳಿದ್ದು, ಪುಸ್ತಕ ಕೊಟ್ಟವನು ನಾನು ಅಂತ.'